ನಿದ್ದೆಯಲ್ಲಿ ಬೀಸುವ ಕೈ

ಕೆಟ್ಟ ಕನಸು ಬೀಳದಿರಲಿ ಎಂದು ತಲೆದಿಂಬಿನ ಕೆಳಗೆ ಕುಡುಗೋಲು ಇಟ್ಟುಕೊಂಡು ಮಲಗುವ ರೂಢಿ ನಮ್ಮ ಹಳ್ಳಿಗಳಲ್ಲಿ ಹಳೆಯದು. ಕುಡುಗೋಲು ಇಲ್ಲದ ಮನೆಯಲ್ಲಿ ಚಾಕು ಅಥವಾ ಅಡಕೊತ್ತು, ಅದೂ ಇಲ್ಲದಿದ್ದರೆ ಹಳೇ ಚಪ್ಪಲಿ. ಕಬ್ಬಿಣ ಇದ್ದಲ್ಲಿ ಗಾಳಿ ಸುಳಿಯುವುದಿಲ್ಲ ಎಂಬ ಧೈರ್ಯ. ಹೆಚ್ಚಿನವರಿಗೆ ಇದರಿಂದ ಲಾಭವೂ ಇಲ್ಲ, ಕೇಡೂ ಇಲ್ಲ. ಆದರೆ ಕನಸಿನಲ್ಲಿ ಬೆನ್ನಟ್ಟಿದ ನಾಯಿಗೆ ನಿಜವಾಗಿಯೇ ಕಾಲು ಬೀಸುವ, ಕನಸಿನ ಕಳ್ಳನಿಗೆ ನಿಜವಾಗಿಯೇ ಗುದ್ದುವ ಮನುಷ್ಯರಿದ್ದಾರೆ. ಅಂಥವರ ಕೈಗೆಟಕುವಲ್ಲಿ ಕುಡುಗೋಲು ಇಡುವುದೆಂದರೆ ಮದ್ದಿನ ಹೆಸರಲ್ಲಿ ಆಯುಧ ಕೊಟ್ಟ ಹಾಗೆ.

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಸೀಮೆಯಲ್ಲಿ ರಾತ್ರಿಯ ಈ ಕಾಟಕ್ಕೆ ಎರಡು ತೀರ್ಪು ಮೊದಲೇ ಸಿದ್ಧವಾಗಿರುತ್ತವೆ. ಹಿರಿಯರನ್ನು ಕೇಳಿದರೆ, ‘ಗಾಳಿ ಸೋಕೇತಿ, ಅಂತ್ರ ಕಟ್ಟಸ್ರಿ’. ದವಾಖಾನೆಗೆ ಹೋದರೆ, ‘ಟೆನ್ಷನ್ ಮಾಡ್ಕೊಂಡೀರಿ, ಈ ಗುಳಿಗಿ ತಗೊಂಡು ಆರಾಮ ಮಲಗ್ರಿ’. ಎರಡೂ ಮುಂದಿನ ಪ್ರಶ್ನೆಗೆ ಬಾಗಿಲು ಹಾಕುವ ಉತ್ತರಗಳೇ. ಗಾಳಿ ಎಂದವರನ್ನು ಮೂಢರೆನ್ನುವ ನಾವು ಟೆನ್ಷನ್ ಎಂದವರನ್ನು ಮಾತ್ರ ವಿಜ್ಞಾನಿಗಳೆಂದು ಬಿಟ್ಟುಬಿಡುತ್ತೇವೆ. ಕೆಟ್ಟ ಕನಸು ಎಂಬ ಒಂದೇ ದೂರಿನ ಹಿಂದೆ ಐದಾರು ಬೇರೆ ಬೇರೆ ತೊಂದರೆಗಳಿರಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದನ್ನು ಕೆರಳಿಸೀತು. ಆದ್ದರಿಂದ ಮೊದಲು ವಿಂಗಡಣೆ, ಆಮೇಲೆ ಗುಳಿಗೆ. ವಿಂಗಡಣೆಗೆ ಬೇಕಾದ ಮುಕ್ಕಾಲು ಪಾಲು ಮಾಹಿತಿ ಇರುವುದು ರೋಗಿಯ ಮಗ್ಗುಲಲ್ಲಿ ಮಲಗುವವರ ಬಳಿ. ಅವರನ್ನು ಕೇಳುವವರು ಕಡಿಮೆ.

ಮೊದಲು ಕೇಳಬೇಕಾದದ್ದು, ಇದು ರಾತ್ರಿಯ ಯಾವ ಹೊತ್ತಿನಲ್ಲಿ ಆಗುತ್ತದೆ ಎಂದು. ನಿದ್ದೆ ಬೆಳತನಕ ಒಂದೇ ಹದದಲ್ಲಿರುವುದಿಲ್ಲ. ಸುಮಾರು 90 ನಿಮಿಷಕ್ಕೊಂದು ಸುತ್ತು. ಸುತ್ತಿನ ಕೊನೆಗೆ ಮುಚ್ಚಿದ ರೆಪ್ಪೆಯೊಳಗೆ ಕಣ್ಣುಗುಡ್ಡೆ ಸರಸರ ಓಡಾಡುವ ಹಂತ. 1953ರಲ್ಲಿ ಷಿಕಾಗೊದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಲೋಕಕ್ಕೆ ತಿಳಿಸಿದ ಈ ಹಂತಕ್ಕೆ ರೆಮ್ ನಿದ್ದೆ ಎಂದು ಹೆಸರು. ಕಣ್ಣಿಗೆ ಕಟ್ಟಿದಂಥ ಕನಸುಗಳು ಹೆಚ್ಚಾಗಿ ಆಗಲೇ ಬೀಳುತ್ತವೆ. ರಾತ್ರಿ ಕಳೆದಂತೆಲ್ಲ ಈ ಹಂತ ಉದ್ದವಾಗುತ್ತದೆ. ಹಾಗಾಗಿ ನಿಜವಾದ ದುಃಸ್ವಪ್ನ ಬರುವುದು ಬಹುಪಾಲು ನಸುಕಿನ ಹೊತ್ತಿಗೆ. ಹೌಹಾರಿ ಎದ್ದು ಕುಳಿತವರಿಗೆ ಕನಸು ಇಡಿಯಾಗಿ ನೆನಪಿರುತ್ತದೆ, ಮತ್ತೆ ಕಣ್ಣು ಹತ್ತುವುದಿಲ್ಲ.

ಉಂಡು ಒಂಬತ್ತಕ್ಕೆ ಮಲಗಿದ ಐದು ವರ್ಷದ ಮಗು ಹತ್ತೂವರೆಗೆ ಚೀರಿಕೊಂಡು, ಕಣ್ಣು ತೆರೆದಿದ್ದರೂ ಯಾರನ್ನೂ ಗುರುತಿಸದೆ, ಬೆವತು ಒದ್ದಾಡಿ, ಹತ್ತು ನಿಮಿಷಕ್ಕೆ ಮತ್ತೆ ಮಲಗಿಬಿಟ್ಟರೆ ಅದು ಬೇರೆಯೇ ಸಂಗತಿ. ಬೆಳಿಗ್ಗೆ ಕೇಳಿದರೆ ಮಗುವಿಗೆ ಏನೂ ನೆನಪಿರುವುದಿಲ್ಲ. ಇದು ಗಾಢ ನಿದ್ದೆಯಿಂದ ಅರ್ಧಕ್ಕೇ ಎದ್ದ ಭಯ. ಹೆಚ್ಚಿನ ಮಕ್ಕಳಲ್ಲಿ ವಯಸ್ಸಾದಂತೆ ತಾನೇ ಹೋಗುತ್ತದೆ. ಅಲುಗಿಸಿ ಎಬ್ಬಿಸಬಾರದು, ಬಿದ್ದು ಪೆಟ್ಟಾಗದಂತೆ ನೋಡಿಕೊಂಡರೆ ಸಾಕು. ಬಾದಾಮಿ ಸುತ್ತಲಿನ ಮನೆಗಳಲ್ಲಿ ಇಂಥ ಮಗುವಿನ ಹಣೆಗೆ ಶಿವಯೋಗಮಂದಿರದ ವಿಭೂತಿ ಹಚ್ಚುತ್ತಾರೆ. ಹಚ್ಚಲಿ. ಮಗುವಿಗೆ ಅದು ಬೇಕಿಲ್ಲದಿದ್ದರೂ ಗಾಬರಿಯಾದ ತಾಯಿಗೆ ಬೇಕು. ಆದರೆ ಒಂದೇ ರಾತ್ರಿಯಲ್ಲಿ ನಾಲ್ಕೈದು ಸಲ, ಪ್ರತಿ ಸಲವೂ ಅಚ್ಚು ಹಾಕಿದಂತೆ ಅದೇ ಚಲನೆ, ನಾಲಿಗೆ ಕಚ್ಚಿಕೊಳ್ಳುವುದು, ಹಾಸಿಗೆ ಒದ್ದೆಯಾಗುವುದು ಕಂಡರೆ ಫಿಟ್ಸ್ ಇರಬಹುದು. ಆಗ ತಡಮಾಡುವಂತಿಲ್ಲ. ಇನ್ನು, ಎದೆಯ ಮೇಲೆ ಯಾರೋ ಕೂತಂತೆ, ಕೂಗಲು ಬಾಯಿ ಬಾರದಂತೆ ಆಗುವುದು ನಿದ್ರಾ ಪಾರ್ಶ್ವವಾಯು. ಮಿದುಳು ಎಚ್ಚರಗೊಂಡರೂ ಮೈ ಎಚ್ಚರಗೊಳ್ಳಲು ಅರೆಗಳಿಗೆ ತಡ, ಅಷ್ಟೇ. ಅಪರೂಪಕ್ಕೆ ಬಂದು ಹೋದರೆ ಔಷಧ ಬೇಡ.

ಈ ಲೇಖನಕ್ಕೆ ಮುಖ್ಯವಾದದ್ದು ಇವೆಲ್ಲಕ್ಕಿಂತ ಬೇರೆ. ಐವತ್ತು ದಾಟಿದ ಗಂಡಸರಲ್ಲಿ ಹೆಚ್ಚಾಗಿ ಕಾಣುವ, ಕನಸನ್ನು ಮೈಯಲ್ಲಿ ಆಡಿಬಿಡುವ ತೊಂದರೆ. ಹೆಂಡತಿಯ ಬಾಯಲ್ಲಿ ಅದು ಹೀಗೆ ಬರುತ್ತದೆ: ‘ನಿದ್ದ್ಯಾಗ ಬಡಬಡಸ್ತಾರ್ರಿ, ಕೈಕಾಲು ಬಡೀತಾರ್ರಿ. ಮೊನ್ನಿ ನನ್ನ ಗದ್ದಕ್ಕ ಬಿತ್ತು ನೋಡ್ರಿ. ಎಬ್ಬಿಸಿ ಕೇಳಿದ್ರ, ಹೊಲದಾಗ ಹಂದಿ ಹೊಕ್ಕಿತ್ತು, ಓಡಸ್ಲಿಕ್ಕತ್ತಿದ್ದೆ ಅಂತಾರ. ಹಗಲೊತ್ತು ದೇವರಂಥಾ ಮನಷ್ಯಾರಿ.’ ಈ ನಾಲ್ಕೈದು ಮಾತಿನಲ್ಲಿ ರೋಗನಿರ್ಣಯದ ಬಹುಭಾಗ ಮುಗಿದೇಹೋಗಿದೆ. ಎಬ್ಬಿಸಿದರೆ ಕೂಡಲೇ ಎಚ್ಚರಾಗುತ್ತದೆ. ಹೇಳುವ ಕನಸಿಗೂ ಮಾಡಿದ ಚಲನೆಗೂ ತಾಳೆಯಾಗುತ್ತದೆ. ಹಗಲಿನ ಸ್ವಭಾವಕ್ಕೂ ರಾತ್ರಿಯ ಹೊಡೆತಕ್ಕೂ ಸಂಬಂಧವಿಲ್ಲ.

ರೆಮ್ ನಿದ್ದೆ ಬಂದೊಡನೆ ಮಿದುಳುಕಾಂಡದಿಂದ ಒಂದು ಅಪ್ಪಣೆ ಹೊರಡುತ್ತದೆ: ಉಸಿರಾಟದ ಮುಖ್ಯ ಸ್ನಾಯು, ಕಣ್ಣಿನ ಸ್ನಾಯು ಬಿಟ್ಟು ಉಳಿದ ಮೈಯೆಲ್ಲ ಸಡಿಲವಾಗಲಿ. ಕನಸಿನಲ್ಲಿ ಎಷ್ಟು ಓಡಿದರೂ ಕಾಲು ಹಾಸಿಗೆಯಲ್ಲೇ ಇರುವುದು ಇದರಿಂದ. ಫ್ರಾನ್ಸಿನ ಲಿಯಾನ್‌ನಲ್ಲಿ ಮಿಷೆಲ್ ಜೂವೆ ಬೆಕ್ಕುಗಳ ಮಿದುಳುಕಾಂಡದ ಈ ಜಾಗಕ್ಕೆ ಗಾಯ ಮಾಡಿ ನೋಡಿದಾಗ, ಅವು ನಿದ್ದೆಯಲ್ಲೇ ಎದ್ದು ಇಲ್ಲದ ಇಲಿಯ ಮೇಲೆ ಎರಗಿದವು. ಮನುಷ್ಯರಲ್ಲೂ ಇದು ತಾನಾಗಿ ಆಗುತ್ತದೆ ಎಂದು 1986ರಲ್ಲಿ ದಾಖಲಿಸಿದವರು ಅಮೆರಿಕದ ಮಿನಿಯಾಪೊಲಿಸ್‌ನ ಕಾರ್ಲೊಸ್ ಶೆಂಕ್, ಮಾರ್ಕ್ ಮಹೊವಾಲ್ಡ್ ಮತ್ತು ಸಂಗಡಿಗರು. ಅವರ ಬಳಿ ಬಂದ ಮೊದಲಿಗರಲ್ಲಿ ಒಬ್ಬ ನಿವೃತ್ತ ವ್ಯಕ್ತಿ ಕನಸಿನಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತ ಎದುರಾಳಿಯ ಮೇಲೆ ನುಗ್ಗಿ, ಕೋಣೆಯ ಬಟ್ಟೆ ಕಪಾಟಿಗೆ ಢಿಕ್ಕಿ ಹೊಡೆದಿದ್ದ. ಅಲ್ಲಿ ಫುಟ್‌ಬಾಲ್, ನಮ್ಮಲ್ಲಿ ಹೊಲದ ಹಂದಿ. ರೋಗ ಅದೇ.

ಮೊದಲ ಚಿಕಿತ್ಸೆ ಮಲಗುವ ಜಾಗದ್ದು, ಅದಕ್ಕೆ ಕಾಸು ಬೇಕಿಲ್ಲ. ಈ ವಿಷಯದಲ್ಲಿ ನಮ್ಮ ಬಡತನವೇ ಒಮ್ಮೊಮ್ಮೆ ಒಳಿತು: ನೆಲದ ಮೇಲೆ ಕೌದಿ ಹಾಸಿ ಮಲಗುವವನು ಮಂಚದಿಂದ ಬೀಳುವುದಿಲ್ಲ. ಅಪಾಯ ಬೇರೆ ಕಡೆ ಇದೆ. ಏಪ್ರಿಲ್, ಮೇ ಬಿಸಿಲಿಗೆ ಜಿಲ್ಲೆಯ ಜನ ಮಾಳಿಗೆ ಏರಿ ಮಲಗುತ್ತಾರೆ. ಹಳೇ ಮಣ್ಣಿನ ಮಾಳಿಗೆಗಳಿಗೆ ತಡೆಗೋಡೆ ಇರುವುದು ಅಪರೂಪ, ನಡುವೆ ಬೆಳಕಿಂಡಿ ಬೇರೆ. ಇಳಕಲ್‌ನ ನೇಕಾರರ ಮನೆಗಳಲ್ಲಿ ಕುಣಿಮಗ್ಗ ಇರುವ ಕೋಣೆಯೇ ರಾತ್ರಿ ಮಲಗುವ ಕೋಣೆಯೂ ಆಗುತ್ತದೆ. ಹಗಲೆಲ್ಲ ಕಾಲು ಇಳಿಬಿಟ್ಟು ಕೂತು ಲಾಳಿ ಓಡಿಸಿದ ಕುಣಿ, ನಿದ್ದೆಯಲ್ಲಿ ಎದ್ದವನಿಗೆ ಕಾಲು ಮುರಿಯುವ ಗುಂಡಿ. ಹುನಗುಂದದ ಎರೆಹೊಲಗಳಲ್ಲಿ ಬೆಳೆ ಕಾಯಲು ಎತ್ತರದ ಮಂಚಿಕೆಯ ಮೇಲೆ ಮಲಗುವುದೂ ಇಂಥವರಿಗೆ ಸಲ್ಲ. ಟ್ರಂಕಿನ ಮೂಲೆ, ಬೀಸುಕಲ್ಲು, ಗೋಡೆಗೆ ಒರಗಿಸಿಟ್ಟ ಕೊಡಲಿ, ನೀರಿನ ತಂಬಿಗೆ ಎಲ್ಲ ದೂರ ಸರಿಯಬೇಕು. ಕೈ ಬೀಸುವುದು ನಿಲ್ಲುವ ತನಕ ಹೆಂಡತಿ, ಮೊಮ್ಮಕ್ಕಳು ಬೇರೆ ಹಾಸಿಗೆಯಲ್ಲಿ ಮಲಗಬೇಕು. ಇದನ್ನು ಮುನಿಸು ಎಂದು ತಿಳಿಯಬೇಕಿಲ್ಲ.

ಗದ್ದದ ಮೇಲಿನ ಬಾವು ಊರಿನ ಕಣ್ಣಿಗೆ ಬೇರೆಯದೇ ಕಥೆ ಹೇಳುತ್ತದೆ. ಗಂಡ ಹೊಡೆಯುತ್ತಾನೆ ಎಂಬ ಮಾತು ಹುಟ್ಟೀತು ಎಂದು ಹೆಂಡತಿ ಸೆರಗಿನಲ್ಲಿ ಮುಚ್ಚಿಕೊಳ್ಳುತ್ತಾಳೆ. ಗಂಡ ನಾಚಿಕೆಗೆ ದವಾಖಾನೆ ಹತ್ತುವುದಿಲ್ಲ. ಇದಕ್ಕೆ ವಿರುದ್ಧವಾದದ್ದೂ ಉಂಟು: ಎಚ್ಚರದಲ್ಲೇ ಹೊಡೆದು ‘ನಿದ್ದ್ಯಾಗ ಆತು’ ಎನ್ನುವವರು. ಎರಡನ್ನೂ ಬೇರೆ ಮಾಡಬಲ್ಲವಳು ಆಕೆಯೊಬ್ಬಳೇ. ಅದಕ್ಕೇ ವೈದ್ಯರು ಆಕೆಯನ್ನು ಒಳಗೆ ಕರೆದು, ಒಂದಿಷ್ಟು ಹೊತ್ತು ಗಂಡನನ್ನು ಹೊರಗೆ ಕೂರಿಸಿ ಮಾತಾಡಿಸಬೇಕು. ಐದು ನಿಮಿಷದ ಈ ಮಾತಿಗೆ ಬದಲಿಯಾಗಿ ಯಾವ ಸ್ಕ್ಯಾನಿಂಗೂ ಇಲ್ಲ.

ಔಷಧ ಇದೆ. ಮಲಗುವ ಮುನ್ನ ಮೆಲಟೋನಿನ್, ಇಲ್ಲವೇ ಕಡಿಮೆ ಪ್ರಮಾಣದಲ್ಲಿ ಕ್ಲೋನಾಜೆಪಾಮ್. ಎರಡನೆಯದು ದಶಕಗಳಿಂದ ಬಳಕೆಯಲ್ಲಿದೆ. ಆದರೆ ವಯಸ್ಸಾದವರು ಅದರಿಂದ ಎಡವಿ ಬೀಳಬಹುದು, ಮಂಕು ಕವಿಯಬಹುದು, ಚಟವೂ ಆಗಬಹುದು. ಜೋರಾಗಿ ಗೊರಕೆ ಹೊಡೆದು ನಡುನಡುವೆ ಉಸಿರು ಕಟ್ಟುವವರಿಗಂತೂ ಅದು ಅಪಾಯ. ಇಲ್ಲೇ ವಿಂಗಡಣೆಯ ಬೆಲೆ ಗೊತ್ತಾಗುವುದು: ನಿದ್ದೆಯಲ್ಲಿ ಉಸಿರುಕಟ್ಟುವ ರೋಗ ಇದ್ದವರೂ ಉಸಿರಿಗಾಗಿ ಹೋರಾಡುತ್ತ ಕೈಕಾಲು ಬಡಿಯುತ್ತಾರೆ, ಬೆನ್ನಟ್ಟಿಸಿಕೊಂಡ ಕನಸು ಹೇಳುತ್ತಾರೆ. ಹೊರನೋಟಕ್ಕೆ ಎರಡೂ ಒಂದೇ. ಅವರಿಗೆ ಬೇಕಾದದ್ದು ಗಾಳಿ ಒತ್ತುವ ಸಿಪ್ಯಾಪ್ ಯಂತ್ರ. ಔಷಧ ಅಂಗಡಿಯ ಕಟ್ಟೆಯಲ್ಲಿ ನಿಂತು ‘ನಿದ್ದಿ ಗುಳಿಗಿ ಕೊಡ್ರಿ’ ಎಂದು ಕೇಳುವುದು ಏಕೆ ತಪ್ಪು ಎಂಬುದಕ್ಕೆ ಬೇರೆ ಕಾರಣ ಬೇಕಿಲ್ಲ.

ಕನಸನ್ನು ಮೈಯಲ್ಲಿ ಆಡುವ ರೋಗದ ಇನ್ನೊಂದು ಮುಖ ಹೇಳಲು ಕಷ್ಟದ್ದು. 24 ಕೇಂದ್ರಗಳ 1,280 ರೋಗಿಗಳನ್ನು ಹಿಂಬಾಲಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಇಂಥವರಲ್ಲಿ ವರ್ಷಕ್ಕೆ ನೂರಕ್ಕೆ ಆರು ಜನರಂತೆ ಪಾರ್ಕಿನ್ಸನ್ ಅಥವಾ ಅದರ ಬಳಗದ ಮರೆವಿನ ರೋಗಕ್ಕೆ ತಿರುಗುತ್ತಾರೆ. 12 ವರ್ಷದ ಹೊತ್ತಿಗೆ ಸುಮಾರು ನೂರಕ್ಕೆ 73 ಮಂದಿ. ತಡೆಯುವ ಔಷಧ ಇನ್ನೂ ಸಿಕ್ಕಿಲ್ಲ. ಹಾಗಿದ್ದರೆ ರೋಗಿಗೆ ಇದನ್ನು ಹೇಳಬೇಕೇ? ಹೇಳಬೇಕು, ಆದರೆ ಮೊದಲ ಭೇಟಿಯಲ್ಲೇ ತಲೆಯ ಮೇಲೆ ಹೊರಿಸಬಾರದು ಎಂಬುದು ನನ್ನ ಅಭಿಪ್ರಾಯ. ಎಷ್ಟು ತಿಳಿಯಬಯಸುತ್ತಾರೆ ಎಂದು ಕೇಳಿ, ಮನೆಯವರನ್ನು ಕೂರಿಸಿಕೊಂಡು, ಎರಡನೆಯ ಭೇಟಿಯಲ್ಲಿ ಹೇಳುವುದು ಮರ್ಯಾದೆ. ಮುಚ್ಚಿಟ್ಟರೆ ಯೂಟ್ಯೂಬ್ ಹೇಳುತ್ತದೆ, ಮರ್ಯಾದೆಯಿಲ್ಲದೆ. ಮನೆಯವರು ಗಮನಿಸಬೇಕಾದ ಗುರುತುಗಳೂ ದೊಡ್ಡವಲ್ಲ: ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಮೂಗಿಗೆ ಹತ್ತದಿರುವುದು, ಹಳೆಯ ಮಲಬದ್ಧತೆ, ನಡೆವಾಗ ಒಂದು ಕೈ ಬೀಸದಿರುವುದು, ಸಹಿ ಚಿಕ್ಕದಾಗುತ್ತ ಹೋಗುವುದು, ಮಗ್ಗದ ಮೇಲೆ ಕೈ ನಿಧಾನವಾಗುವುದು. ಇವು ಕಂಡರೆ ನರರೋಗ ತಜ್ಞರ ಬಳಿ ಹೋಗಬೇಕು. ನಿದ್ದೆಯಲ್ಲಿ ಕೈ ಬೀಸುವವರೆಲ್ಲರ ಹಣೆಬರಹ ಇದೇ ಎಂದಲ್ಲ. ಔಷಧದಿಂದ, ಉಸಿರುಕಟ್ಟುವಿಕೆಯಿಂದ ಬಂದದ್ದರ ಲೆಕ್ಕವೇ ಬೇರೆ.

ಔಷಧದಿಂದ ಬರುವುದೂ ಉಂಟೇ ಎಂದು ಅಚ್ಚರಿಪಡುವವರು ಬಹಳ. ಖಿನ್ನತೆಗೆ ಕೊಡುವ ಫ್ಲೂಆಕ್ಸಿಟೀನ್, ಎಸ್ಸಿಟಾಲೊಪ್ರಾಮ್, ವೆನ್ಲಫಾಕ್ಸಿನ್, ಮಿರ್ಟಜಪೀನ್‌ಗಳು ಕೆಲವರಲ್ಲಿ ನಿದ್ದೆಯ ಸ್ನಾಯು ಸಡಿಲಿಕೆಯನ್ನು ಕೆಡಿಸುತ್ತವೆ. ಅಂದರೆ ‘ಟೆನ್ಷನ್ ಗುಳಿಗಿ’ಯೇ ಕೈ ಬೀಸಲು ಕಾರಣವಾಗಬಹುದು. ತಲೆನೋವು, ನಡುಕಕ್ಕೆ ಕೊಡುವ ಪ್ರೊಪ್ರನೊಲಾಲ್ ಕೆಲವರಿಗೆ ಕೆಟ್ಟ ಕನಸು ತರುತ್ತದೆ. ಅಲರ್ಜಿ, ದಮ್ಮಿನ ಮಕ್ಕಳಿಗೆ ಕೊಡುವ ಮಾಂಟೆಲುಕಾಸ್ಟ್ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಕಟ್ಟೆಚ್ಚರಿಕೆ ನೀಡಿತು. ಬಾಗಲಕೋಟೆ ಒಂದು ಕಾಲಕ್ಕೆ ರಾಜ್ಯದಲ್ಲಿ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳ ಸಾಲಿನಲ್ಲಿತ್ತು. ಅದಕ್ಕೆ ಚಿಕಿತ್ಸೆ ನೀಡುವ ಎಆರ್‌ಟಿ ಕೇಂದ್ರಗಳು ವರ್ಷಗಟ್ಟಲೆ ಕೊಟ್ಟ ಎಫಾವಿರೆಂಜ್ ಬೆಚ್ಚಿಬೀಳಿಸುವ ಕನಸುಗಳಿಗೆ ಹೆಸರುವಾಸಿ. ಆ ಕನಸುಗಳು ಗುಳಿಗೆಯವು, ತಮ್ಮ ಪಾಪದವಲ್ಲ ಎಂದು ಎಷ್ಟು ಜನರಿಗೆ ಬಿಡಿಸಿ ಹೇಳಲಾಯಿತೋ! ಈಚಿನ ವರ್ಷಗಳಲ್ಲಿ ಅದರ ಜಾಗಕ್ಕೆ ಡೊಲುಟೆಗ್ರಾವಿರ್ ಬಂದಿದೆ. ಅದರಿಂದಲೂ ಕೆಲವರಿಗೆ ನಿದ್ದೆ ಕೆಡುತ್ತದೆ. ಹಾಗಾದರೆ ಗುಳಿಗೆಯ ಹೊತ್ತನ್ನು ಬೆಳಿಗ್ಗೆಗೆ ಬದಲಿಸಬಹುದೇ ಎಂದು ಕೇಂದ್ರದಲ್ಲಿ ಕೇಳಬೇಕು. ಇವುಗಳಲ್ಲಿ ಯಾವುದನ್ನೂ ತಾವಾಗಿ ನಿಲ್ಲಿಸಬಾರದು.

ಔಷಧದ ನಂತರ ಸಾರಾಯಿ. ಇಳಕಲ್‌ನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆ ಬೇಡಿದವರು. ಅವರು ಹುಟ್ಟಿದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಒಂದು ಊರು ನಾಡಿಗೆ ಕೊಟ್ಟ ದೊಡ್ಡ ಕಾಣಿಕೆ ಇದು. ಅದಕ್ಕೆ ಸೇರಿಸಬೇಕಾದ ಒಂದು ಎಚ್ಚರಿಕೆ ಇದೆ. ಮದ್ಯ ರೆಮ್ ನಿದ್ದೆಯನ್ನು ಅದುಮಿಡುತ್ತದೆ. ವರ್ಷಾನುಗಟ್ಟಲೆ ದಿನಾ ಕುಡಿದವನು ಒಮ್ಮೆಲೇ ಬಿಟ್ಟಾಗ ಅದುಮಿಟ್ಟದ್ದೆಲ್ಲ ಒಟ್ಟಿಗೆ ಎದ್ದು, ರಾತ್ರಿಗಳು ಭೀಕರ ಕನಸುಗಳಿಂದ ತುಂಬುತ್ತವೆ. ಎರಡರಿಂದ ನಾಲ್ಕನೆಯ ದಿನದೊಳಗೆ ಕೈ ನಡುಗಿ, ಬೆವತು, ಇಲ್ಲದ ಹುಳು ಹಾವು ಕಾಣತೊಡಗಿದರೆ ಅದು ಜೀವಕ್ಕೇ ಅಪಾಯ. ಜೋಳಿಗೆಗೆ ಕುಡಿತ ಹಾಕಿದವನನ್ನು ಮಠದಿಂದ ನೇರ ಮನೆಗೆ ಕಳಿಸದೆ ದವಾಖಾನೆಯ ಹಾದಿಯಲ್ಲಿ ಕಳಿಸಿದರೆ ಆಣೆ ಉಳಿಯುತ್ತದೆ, ಮನುಷ್ಯನೂ ಉಳಿಯುತ್ತಾನೆ. ಎಷ್ಟೋ ಜನ ಮತ್ತೆ ಬಾಟಲಿ ಹಿಡಿಯುವುದು ಆಸೆಗಲ್ಲ, ಆ ರಾತ್ರಿಗಳ ಹೆದರಿಕೆಗೆ.

ಉಳಿದದ್ದು ಮನಸ್ಸಿಗೆ ಬಿದ್ದ ಪೆಟ್ಟಿನ ಕನಸು. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ದಿನಗಳ ನೆರೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೇ ನುಗ್ಗಿದಳು. ಆಲಮಟ್ಟಿಯ ಹಿನ್ನೀರು ಹಳೇ ಬಾಗಲಕೋಟೆಯ ಓಣಿಗಳನ್ನೂ ಸುತ್ತಲ ಹಳ್ಳಿಗಳನ್ನೂ ನುಂಗಿ ಜನರನ್ನು ನವನಗರಕ್ಕೆ, ಪುನರ್ವಸತಿ ಕೇಂದ್ರಗಳಿಗೆ ಸಾಗಿಸಿತು. ಮುಳುಗಿದ ಮನೆಯ ಪಡಸಾಲೆ ಕನಸಿನಲ್ಲಿ ಬಂದರೆ ಅದು ರೋಗವಲ್ಲ, ನೆನಪು. ಎಲ್ಲಕ್ಕೂ ಚಿಕಿತ್ಸೆ ಹುಡುಕುವುದೂ ಒಂದು ಚಟವೇ. ಆದರೆ ನೀರು ಏರುವ, ಕೈ ಜಾರುವ ಅದೇ ಕನಸು ವಾರ ವಾರವೂ ಬಂದು, ಮಲಗಲೇ ಹೆದರಿಕೆಯಾಗಿ, ಹಗಲು ಕೆಲಸ ಕೆಟ್ಟರೆ ನೆರವು ಬೇಕು.

ಇದಕ್ಕೆ ಒಳ್ಳೆಯ ಚಿಕಿತ್ಸೆ ಗುಳಿಗೆಯಿಲ್ಲದ್ದು. ಅಮೆರಿಕದ ಬ್ಯಾರಿ ಕ್ರಾಕೊವ್ ಮತ್ತು ಸಂಗಡಿಗರು ಲೈಂಗಿಕ ದೌರ್ಜನ್ಯಕ್ಕೆ ಒಳಗಾದ 168 ಮಹಿಳೆಯರೊಡನೆ ನಡೆಸಿದ ಅಧ್ಯಯನವನ್ನು 2001ರಲ್ಲಿ ಪ್ರಕಟಿಸಿದರು. ವಿಧಾನ ಸರಳ: ಹಗಲು ಹೊತ್ತಿನಲ್ಲಿ ಕನಸನ್ನು ಹೇಳುವುದು, ಅದರ ಕಥೆಯನ್ನು ತನಗೆ ಬೇಕಾದಂತೆ ತಿರುಗಿಸುವುದು, ತಿರುಗಿಸಿದ ಕಥೆಯನ್ನು ದಿನಾ ಹತ್ತಿಪ್ಪತ್ತು ನಿಮಿಷ ಕಣ್ಣ ಮುಂದೆ ತಂದುಕೊಳ್ಳುವುದು. ನೀರು ಏರುತ್ತದೆ, ಆದರೆ ಈ ಸಲ ದೋಣಿ ಬರುತ್ತದೆ, ಕೈ ಜಾರುವುದಿಲ್ಲ, ಎಮ್ಮೆಯೂ ದಡ ಹತ್ತುತ್ತದೆ. ವಾರಗಳಲ್ಲಿ ಕನಸಿನ ಕಾಟ ಇಳಿಯತೊಡಗುತ್ತದೆ. ಅಕ್ಷರ ಬೇಕಿಲ್ಲ, ಬಾಯಿಮಾತಲ್ಲೇ ನಡೆಯುತ್ತದೆ. ಇದಕ್ಕೆಂದೇ ಬಹಳ ಭರವಸೆ ಇಟ್ಟಿದ್ದ ಪ್ರಾಜೋಸಿನ್ ಎಂಬ ಔಷಧ 2018ರ ದೊಡ್ಡ ಪರೀಕ್ಷೆಯಲ್ಲಿ ಸಕ್ಕರೆ ಗುಳಿಗೆಗಿಂತ ಮೇಲೇನೂ ಆಗಲಿಲ್ಲ. ಕೆಲವರಿಗೆ ಈಗಲೂ ಕೊಡುತ್ತಾರೆ. ತೀರಾ ಹಳೆಯ ಪೆಟ್ಟನ್ನು ಒಬ್ಬರೇ ಕೆದಕಬಾರದು, ಆಪ್ತಸಮಾಲೋಚಕರ ಜೊತೆ ಮಾಡಬೇಕು. ಕೆಟ್ಟ ಕನಸು ಮೇಲಿಂದ ಮೇಲೆ ಬೀಳುವವರಲ್ಲಿ ಸಾಯುವ ಯೋಚನೆ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡ ಮಾತು. ಅದನ್ನು ನೇರವಾಗಿ ಕೇಳಿದರೆ ಕೇಡಿಲ್ಲ, ಕೇಳದಿದ್ದರೆ ಇದೆ.

ಎಲ್ಲಿಗೆ ಹೋಗುವುದು? 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರಂತೆ ನವನಗರದ ಜಿಲ್ಲಾ ಆಸ್ಪತ್ರೆ ಮೊದಲ ಮೆಟ್ಟಿಲು. ಮನೋಚೈತನ್ಯ ಯೋಜನೆಯಲ್ಲಿ ಮನೋವೈದ್ಯರು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ಬರುವ ವ್ಯವಸ್ಥೆಯನ್ನು ರಾಜ್ಯ ಮಾಡಿದೆ. ಬಾದಾಮಿ, ಹುನಗುಂದ, ಇಳಕಲ್‌ನವರು ಈಗ ಯಾವ ವಾರದ ಮಂಗಳವಾರ ಎಂದು ಮೊದಲೇ ವಿಚಾರಿಸಿ ಹೋಗುವುದು ಒಳಿತು. ಬಾಗಲಕೋಟೆಯಲ್ಲಿ ಬಿವಿವಿ ಸಂಘದ ನಿಜಲಿಂಗಪ್ಪ ವೈದ್ಯಕೀಯ ಕಾಲೇಜಿನ ಕುಮಾರೇಶ್ವರ ಆಸ್ಪತ್ರೆ ಇದೆ. ಅದರಾಚೆ ಧಾರವಾಡದ ಡಿಮ್ಹಾನ್ಸ್, ಹುಬ್ಬಳ್ಳಿಯಲ್ಲಿ ಜನ ಕಿಮ್ಸ್ ಎಂದೇ ಕರೆಯುವ ಆಸ್ಪತ್ರೆ. ರಾತ್ರಿಯಿಡೀ ವಿಡಿಯೊ ಸಹಿತ ನಿದ್ದೆ ಅಳೆಯುವ ಪರೀಕ್ಷೆ ಬೇಕೇಬೇಕಾದವರಿಗೆ ಬೆಂಗಳೂರಿನ ನಿಮ್ಹಾನ್ಸ್ ಉಂಟು. ಗೋಲಗುಂಬಜ್ ರೈಲು ಹತ್ತಿದರೆ ಬಾಗಲಕೋಟೆಯಿಂದಲೂ ಬಾದಾಮಿಯಿಂದಲೂ ಒಂದು ರಾತ್ರಿಯ ದಾರಿ.

ಎಲ್ಲರೂ ಅಷ್ಟು ದೂರ ಹೋಗಬೇಕಿಲ್ಲ ಎಂಬುದೇ ನಾನು ಒತ್ತಿ ಹೇಳಬೇಕಾದದ್ದು. ತಾಲ್ಲೂಕು ಮಟ್ಟದಲ್ಲಿ ಕೊರತೆಯಿರುವುದು ಯಂತ್ರಕ್ಕಿಂತ ಹೆಚ್ಚಾಗಿ ಕೇಳುವ ಸಾವಧಾನದ್ದು. ರಾತ್ರಿಯ ಹೊತ್ತು, ಕನಸಿನ ನೆನಪು, ಗೊರಕೆ, ಗುಳಿಗೆ, ಕುಡಿತ, ಮನಸ್ಸಿನ ಪೆಟ್ಟು ಎಂಬ ಆರು ಪ್ರಶ್ನೆಗಳನ್ನು ಆಶಾ ಕಾರ್ಯಕರ್ತೆಯರಿಗೆ ಕಲಿಸಲು ಅರ್ಧ ದಿನ ಸಾಕು. ಗುಡಿ, ಮಠ, ದರ್ಗಾಗಳ ಹಿರಿಯರಿಗೂ ಹೇಳಿಕೊಡಬೇಕು, ಏಕೆಂದರೆ ಜನ ಮೊದಲು ಹೋಗುವುದು ಅಲ್ಲಿಗೇ. ಅಂತ್ರ ಕಟ್ಟಿಸಿಕೊಂಡವರನ್ನು ಬೈದು ಕಳಿಸುವ ವೈದ್ಯ ಮುಂದಿನ ಸಲ ಆ ರೋಗಿಯನ್ನು ನೋಡುವುದಿಲ್ಲ. ಕಟ್ಟಿದ ಅಂತ್ರ ಇರಲಿ, ಚಿಕಿತ್ಸೆಯೂ ನಡೆಯಲಿ. ಹೊಡೆಯುವುದು, ಹೊಗೆ ಹಾಕುವುದು, ಕಟ್ಟಿಹಾಕುವುದು ಮಾತ್ರ ಯಾವ ದೇವರ ಹೆಸರಲ್ಲೂ ಕೂಡದು.

ದವಾಖಾನೆಗೆ ಹೊರಡುವವರು ಮೂರು ಸಂಗತಿ ಮರೆಯಬೇಡಿ: ಮಗ್ಗುಲಲ್ಲಿ ಮಲಗುವವರು, ತಗೊಳ್ಳುವ ಗುಳಿಗೆಗಳೆಲ್ಲದರ ಚೀಟಿ, ಮೊಬೈಲಿನಲ್ಲಿ ಹಿಡಿದ ಒಂದೆರಡು ನಿಮಿಷದ ವಿಡಿಯೊ. ಹೊರಡಲು ಆಗದವರಿಗೆ 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ-ಮಾನಸ್ ಇದೆ. ಅದರ ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.